ಗುಡ್ಡದ ಮರೆ, ಓರಗಿತ್ತಿಯ ಬಂಕರ್

ನನ್ನ ಓರಗಿತ್ತಿ ಶಮೀಮಳ ಅಂಗಳದಲ್ಲಿ ಸರ್ಕಾರ ನೆಲದಡಿಯ ಬಂಕರ್ ಕಟ್ಟಿಸಿಕೊಟ್ಟ ದಿನದಿಂದ ನನಗೆ ತಿಂದದ್ದು ಮೈಗೆ ಹತ್ತಲಿಲ್ಲ. ಅರ್ಜಿ ಇಬ್ಬರೂ ಹಾಕಿದ್ದೆವು, ಸಿಕ್ಕಿದ್ದು ಅವಳಿಗೆ. ಅವಳೋ ಅದರೊಳಗೆ ಮೆಕ್ಕೆಜೋಳದ ಚೀಲ ಪೇರಿಸಿ, ತವರಿನಿಂದ ಬಂದ, ಹೊದೆಯುವ ಎಂಟು ರೇಷ್ಮೆ ರಜಾಯಿ ಇಟ್ಟು ಬೀಗ ಜಡಿದಳು. ಆ ರಜಾಯಿಗಳ ಮೇಲೂ ನನಗೆ ಹನ್ನೆರಡು ವರ್ಷದ ಹೊಟ್ಟೆಕಿಚ್ಚು.

ಪೂಂಛ್ ಪಟ್ಟಣದ ನಮ್ಮ ಓಣಿಗೂ ಗಡಿಗೂ ನಡುವೆ ಗುಡ್ಡವಿದೆ. ಬಂದೂಕಿನ ಗುಂಡು ನಮ್ಮ ತನಕ ಎಂದೂ ಬಂದಿರಲಿಲ್ಲ.

"ನಮಗ್ಯಾಕೆ ಬಂಕರ್? ಗುಡ್ಡ ಇದೆಯಲ್ಲ," ಎಂದೆ ನಾನು, ಪಕ್ಕದ ಮನೆಯ ಹರಬನ್ಸ್ ಚಾಚಾ ಹತ್ತಿರ. ಅವರು ಫಿರಂಗಿ ಪಡೆಯಲ್ಲಿದ್ದು ನಿವೃತ್ತರಾದವರು.

ಚಾಚಾ ಒಂದು ಅಕ್ರೋಟನ್ನು ಗೋಡೆಯಾಚೆಗೆ ಎಸೆದರು. ಆಚೆ ಕೋಳಿ ಕಿರುಚಿತು.

"ಗೋಡೆ ಅಡ್ಡ ಬಂತೇನಮ್ಮ? ಗುಂಡು ನೆಟ್ಟಗೆ ಬರುತ್ತೆ. ಫಿರಂಗಿಯ ಶೆಲ್ ಮೇಲೆ ಹತ್ತಿ ಇಳಿಯುತ್ತೆ."

"ನಮ್ಮನೆ ಗಡಿಯಾಚೆಯವರಿಗೆ ಕಾಣೋದೇ ಇಲ್ವಲ್ಲ."

"ಕೋಳಿ ನನಗೆ ಕಂಡಿತ್ತಾ? ಶೆಲ್ ಹತ್ತು ಮೈಲಿ ಹಾರುತ್ತೆ. ಗಡಿಗೆ ನಾವು ನಡ್ಕೊಂಡೇ ಹೋಗಬಹುದು. ಸಿಡಿಯೋ ಚೂರೇ ಹೆಚ್ಚು ಕೊಲ್ಲೋದು. ಕಿಟಕಿ ಹತ್ತಿರ ನಿಲ್ಲಬೇಡ, ಮೊದಲ ಸದ್ದಿಗೇ ಬಂಕರಿಗೆ ಇಳಿ."

"ಅವಳ ಗುಂಡಿಗೆ ನಾನು ಇಳಿಯೋಳಲ್ಲ."

"ಮಗಳನ್ನಾದರೂ ಕಳಿಸು. ಹೊಟ್ಟೆಕಿಚ್ಚು ನಿಂದು, ಆ ಮಗುದಲ್ಲ."

ಒಂದು ಬೆಳಿಗ್ಗೆ ಚಹಾ ಕುದಿಯುತ್ತಿರುವಾಗ ಮೊದಲ ಶೆಲ್ ಬಜಾರಿನಾಚೆ ಬಿತ್ತು. ಮಗಳು ಇಕ್ರಾಳನ್ನು ಎತ್ತಿಕೊಂಡೆ. ಆದರೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತೆ. ಹೇಳಲು ನಾಚಿಕೆಯಾಗುತ್ತದೆ, ಆಗಲೂ ನನಗೆ ಅವಳ ಬಂಕರೇ ಚುಚ್ಚುತ್ತಿತ್ತು. ಆಮೇಲೆ ಓಡಿದೆ.

ಶಮೀಮ ಬೀಗ ತೆಗೆದಿದ್ದಳು. ಒಳಗೆ ಒಬ್ಬರು ನಿಲ್ಲಲೂ ಜಾಗವಿಲ್ಲ. ಇನ್ನೇನು ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ.

"ನಿಂತು ಏನ್ ನೋಡ್ತೀಯೇ, ಚೀಲ ಎಳಿ," ಎಂದವಳೇ ರಜಾಯಿಗಳನ್ನು ಎತ್ತೆತ್ತಿ ಕೆಸರಿಗೆ ಎಸೆದಳು.

ನಾನು ಚೀಲಗಳನ್ನು ಹೊರಗೆಳೆದೆ, ಮೂವರೂ ಒಳಗೆ ಮುದುಡಿಕೊಂಡೆವು. ಮುಂದಿನ ಶೆಲ್ ನಮ್ಮ ಓಣಿಗೇ ಬಿತ್ತು. ಸದ್ದು ನಿಂತಾಗ ನಾನು ಎದ್ದೆ. ಅವಳು ನನ್ನ ದುಪಟ್ಟಾ ಹಿಡಿದೆಳೆದಳು.

"ಕೂತ್ಕೋ. ನಿಂತಿತು ಅಂತ ಹೊರಗೆ ಬಂದೋರ ಮೇಲೇ ಇನ್ನೊಂದು ಬೀಳೋದು."

ಬಿದ್ದೇಬಿಟ್ಟಿತು.

ಎಲ್ಲ ಮುಗಿದು ಹೊರಬಂದಾಗ ನಮ್ಮ ಅಡುಗೆಮನೆಯ ಕಿಟಕಿ ಇರಲಿಲ್ಲ. ಗೋಡೆಯಲ್ಲಿ ಇಕ್ರಾಳ ತಲೆಯ ಎತ್ತರಕ್ಕೆ ಕಬ್ಬಿಣದ ಚೂರುಗಳು ನಾಟಿದ್ದವು. ರಜಾಯಿಗಳು ಜರಡಿಯಾಗಿದ್ದವು. ಅವುಗಳನ್ನು ಕಂಡು ಅಳಬೇಕಾದವಳು ಅವಳು, ಅತ್ತದ್ದು ನಾನು.

ಅಕ್ಕಂದಿರೇ, ಗುಡ್ಡವನ್ನು ನಂಬಬೇಡಿ. ಬಂಕರಿನಲ್ಲಿ ಸಾಮಾನು ತುಂಬಿದ್ದರೆ ಇವತ್ತೇ ತೆಗೆಯಿರಿ. ನಿಮಗೆ ಬಂಕರ್ ಇಲ್ಲದಿದ್ದರೆ ಇರುವವಳ ಹತ್ತಿರ ಇವತ್ತೇ ಹೋಗಿ ಮಾತಾಡಿ. ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತದೆಯೇ? ನನಗೆ ಈಗಲೂ ಉರಿಯುತ್ತದೆ. ಒಳಗೆ ಅವಳ ಪಕ್ಕದಲ್ಲಿ ಕೂತು ಉರಿದುಕೊಳ್ಳಿ.