ಹಿಂದಿನ ಸ್ಟೇರಿಂಗಿನವನು

ಇನ್ನೂರು ಟನ್ನಿನ ಟ್ರಾನ್ಸ್‌ಫಾರ್ಮರ್, ತೊಂಬತ್ತಾರು ಚಕ್ರದ ಗಾಡಿ. ಮುಂದೆ ಎಂಜಿನ್ನಿನಲ್ಲಿ ನಮ್ಮ ಭಾವ, ಬಾಲದ ತುದಿಯ ಪುಟ್ಟ ಗೂಡಿನಲ್ಲಿ ನಾನು. ಹಿಂದಿನ ಚಕ್ರ ತಿರುಗಿಸುವುದು ನನ್ನ ಕೆಲಸ. ಹದಿನೇಳು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಕಾರಣ ಹೇಳಿಬಿಡ್ತೀನಿ. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ, ಹತ್ತು ಜನರ ಎದುರಿಗೆ ಭಾವ ಅಂದರು, "ಹಿಂದೆ ಕೂತವನಿಗೇನು ಕೆಲಸ? ನಾನೆಳೆದ ಕಡೆ ಬರ್ತಾನೆ, ಅಷ್ಟೇ." ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು. ಆ ಮಾತು ವಾಪಸ್ ತಗೊಳ್ಳೋ ತನಕ ತುಟಿ ಪಿಟಕ್ಕನ್ನಲ್ಲ ಅಂತ ಹಟ ಹಿಡಿದೆ.

ಮಧ್ಯೆ ಸಿಕ್ಕಿಬಿದ್ದವಳು ಅಕ್ಕ. ಜೀಪಿನಲ್ಲಿ ಮುಂದೆ ಹೋಗಿ ದಾರಿ ನೋಡುವವಳು ಅವಳೇ. ಮೂವರ ವಾಕಿಟಾಕಿಯೂ ಒಂದೇ ಚಾನೆಲ್ಲು, ಒಬ್ಬರು ಕೆಮ್ಮಿದರೂ ಇಬ್ಬರಿಗೆ ಕೇಳಿಸುತ್ತೆ. ಆದರೂ ಭಾವ, "ಅವನಿಗೆ ಎಡಕ್ಕೆ ತಿರುಗಿಸೋಕೆ ಹೇಳೇ" ಅನ್ನೋರು. ಅಕ್ಕ, "ಎಡಕ್ಕಂತೆ ಕಣೋ" ಅನ್ನೋಳು. "ಆಯ್ತು ಅಂತ ಹೇಳು ನಿನ್ನ ಗಂಡನಿಗೆ" ಅಂತಿದ್ದೆ ನಾನು. ಹೀಗೇ ನಾನೂರು ಕಿಲೋಮೀಟರ್.

ಹದಿನೆಂಟನೇ ದಿನ ಬೆಳಿಗ್ಗೆ ಒಂದು ಪೇಟೆಬೀದಿಯ ತಿರುವು ಬಂತು. ಮೂಲೆಯಲ್ಲಿ ಟೈಲರ್ ಅಂಗಡಿ. ಕೊರಳಲ್ಲಿ ಟೇಪು ಹಾಕಿಕೊಂಡ ಹೆಂಗಸೊಬ್ಬಳು ಹೊಲಿಗೆ ಮೆಷಿನ್ನು ಹೊರಗೆ ತಂದಿಟ್ಟು, ಗೋಡೆಗೆ ಕೈಯಿಟ್ಟು ನಿಂತಿದ್ದಳು. ನನ್ನ ಬಾಲಕ್ಕೂ ಆ ಗೋಡೆಗೂ ಒಂದು ಗೇಣು ಜಾಗ.

ಆಗಲೇ ಅಕ್ಕನ ಒಡಕು ಗಂಟಲು ಕೇಳಿಸಿತು. "ನನ್ನ ಗಂಟಲು ಹರಿದುಹೋಯ್ತು. ಇನ್ನು ನೀವುಂಟು, ಗಾಡಿಯುಂಟು." ಟಕ್ ಅಂತ ಆಫ್ ಮಾಡಿದಳು.

ಗಾಡಿ ನಿಂತಿತು. ಹಿಂದಿನದೇನೂ ಭಾವನಿಗೆ ಕಾಣಲ್ಲ, ನನ್ನನ್ನೇ ಕೇಳಬೇಕು, ಕೇಳಲಿ ಅಂತ ನಾನೂ ಬಿಗಿದುಕೊಂಡೇ ಕೂತೆ. ಐದು ನಿಮಿಷ, ಹತ್ತು ನಿಮಿಷ. ಹಿಂದೆ ಹಾರ್ನುಗಳ ಗಲಾಟೆ.

"ಮೊನ್ನೆ ತಾನೇ ಕಟ್ಟಿಸಿದ ಗೋಡೆ ಕಣಪ್ಪಾ" ಅಂದಳು ಆ ಹೆಂಗಸು. ಅವಳ ಮುಖ ನೋಡಿ ನನಗೆ ನನ್ನ ಮೇಲೇ ನಾಚಿಕೆಯಾಯ್ತು. ಹಾಳಾಗಿ ಹೋಗಲಿ ಹಟ ಅಂತ ವಾಕಿಟಾಕಿ ಎತ್ತಿಕೊಂಡೆ.

"ಭಾವ, ಗೋಡೆಗೆ ಒಂದೇ ಗೇಣಿದೆ. ಮೆಲ್ಲಗೆ ಎಳೀರಿ."

ಭಾವ ನೇರ ನನಗೇ, "ನೀನು ಹೇಳ್ತಾ ಹೋಗಯ್ಯ, ಹಾಗೇ ಎಳೀತೀನಿ" ಅಂದರು.

ಎಳೆದರು. ಗೇಣು ನಾಲ್ಕು ಬೆರಳಾಯ್ತು, ಎರಡಾಯ್ತು. "ನಿಲ್ಲಿ" ಅಂದರೆ ನಿಂತರು, "ಎಳೀರಿ" ಅಂದರೆ ಎಳೆದರು. ನನ್ನ ಅಂಗಿ ಬೆವರಿಗೆ ತೊಪ್ಪೆಯಾಗಿತ್ತು. ಕಡೆಗೂ ಬಾಲ ಈಚೆ ಬಂತು. ಗೋಡೆಯ ಬಣ್ಣ ಕೂಡ ಕಿತ್ತಿರಲಿಲ್ಲ.

ಭಾವ ಇಳಿದು ಗಾಡಿಯ ಉದ್ದಕ್ಕೂ ನಡೆದು ಬಂದರು. ನನ್ನ ಕಡೆ ನೋಡಲಿಲ್ಲ. ಇಡೀ ಬೀದಿ ನೋಡುತ್ತಿದ್ದ ಹಾಗೇ ಆ ಹೆಂಗಸಿಗೆ ಹೇಳಿದರು, "ಗೋಡೆ ಉಳಿಸಿದ್ದು ಇವನಮ್ಮಾ. ನನ್ನ ಹೆಂಡತಿ ತಮ್ಮ. ಇವನಿಲ್ಲದಿದ್ರೆ ನಾನು ಬರೀ ಎಳೆಯೋ ಎತ್ತು."

ಸುಳ್ಳೇಕೆ ಹೇಳಲಿ, ನನಗೆ ಕಣ್ಣು ತುಂಬಿ ಬಂತು.

"ಇನ್ನೂ ನೂರಾಮೂವತ್ತು ಕಿಲೋಮೀಟರ್ ಇದೆ ಭಾವ," ಅಂದೆ, "ಹೋಗಿ ಹತ್ತಿ."