ಒಬ್ಬರ ಹೆಸರಿಗೆ ಮಾತ್ರ ಜಾಗ

ಆ ಬೆಳಗ್ಗೆ ಗಾಳಿ ಎಂಬುದು ಎಲ್ಲೋ ಕಾಲು ಚಾಚಿ ಮಲಗಿಬಿಟ್ಟಿತ್ತು. ಮೋಡ ಮಾಳಿಗೆಗಳ ಮೇಲೆಯೇ ಕೂತಂತಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಬರೀ ಜಿಗುಟು. ಇಂಥ ದಿನ ಅಂಟು ಒಣಗುವುದಿಲ್ಲ. ಹಿಂದಿನ ದಿನ ರಟ್ಟು ಹಾಕಿ ಭಾರದ ಕೆಳಗಿಟ್ಟಿದ್ದ ಪುಸ್ತಕಗಳನ್ನು ಅತ್ತಿಗೆ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಇನ್ನೂ ಹಸಿ. "ದೇವರೇ, ನಾನು ಬರೋವರೆಗೆ ನೀನೇ ನೋಡ್ಕೋ" ಎಂದು ಭಾರವನ್ನು ಮತ್ತೆ ಹೇರಿ ಅಂಗಡಿಯ ಬಾಗಿಲೆಳೆದಳು.

ಮೈದುನ ಕರೆದು ಕರೆದು ಬೀದಿಯವರೆಲ್ಲರಿಗೂ ಅವಳು ಅತ್ತಿಗೆಯೇ ಆಗಿದ್ದಳು. ಇಪ್ಪತ್ತೊಂದು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದಳು. ಓದಲು ಮಾತ್ರ ಬಾರದು. ಅಂಕಿ ಬರುತ್ತಿತ್ತು, ಅದೂ ಪುಟಗಳೇ ಕಲಿಸಿದ್ದು. ಹರಿದು ಚೆಲ್ಲಾಪಿಲ್ಲಿಯಾದ ಎಂಥ ಪುಸ್ತಕ ತಂದುಕೊಟ್ಟರೂ ಒಂದು ಪುಟ ಹಿಂದುಮುಂದಾಗದಂತೆ ಜೋಡಿಸಿ ಕೊಡುತ್ತಿದ್ದಳು.

ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅಂಗಡಿ ಅವನೊಬ್ಬನ ಹೆಸರಿನಲ್ಲಿತ್ತು. ಒಬ್ಬರೇ ಮಾಲೀಕರಾಗಿದ್ದ ಅಂಗಡಿಯ ನೋಂದಣಿ ಆ ಮಾಲೀಕನ ಜೊತೆಗೇ ಮುಗಿಯುತ್ತದೆ, ಹೊಸದಾಗಿ ಮಾಡಿಸಿ, ಇಲ್ಲವಾದರೆ ಬೀಗ ಎಂದು ಕಚೇರಿಯಿಂದ ನೋಟಿಸು ಬಂದಿತ್ತು. ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಗಡುವು.

"ಫಾರಂ ನನ್ನ ಹೆಸರಲ್ಲೇ ಬರಿಯಪ್ಪ" ಎಂದು ಅವಳು ಹೇಳಿದ್ದಳು. "ಆಯ್ತು ಅತ್ತಿಗೆ" ಎಂದಿದ್ದ ಮೈದುನ. ಊರು ಸುತ್ತಿ ಕೆಲಸ ತರುವವನು, ಮುಗಿದದ್ದನ್ನು ತಲುಪಿಸುವವನು ಅವನು. ಮಾತಿನ ಮಲ್ಲ. ತಿಂಗಳ ಹಿಂದೆ ಅವನೇ ಒಂದು ಮಾತು ಎಸೆದಿದ್ದ: "ಈಗ ಯಾರು ಹೊಲಿಸ್ತಾರೆ ಅತ್ತಿಗೆ? ಈ ಮೇಜು ಎತ್ತಿಸಿ ಎರಡು ಜೆರಾಕ್ಸ್ ಮೆಷಿನ್ ಇಟ್ರೆ ನೀವು ಕಾಲ ಮೇಲೆ ಕಾಲು ಹಾಕ್ಕೊಂಡು ಕೂರಬಹುದು." ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿಸದವಳಂತೆ ಇದ್ದಳು. ಆ ಮೇಜೇ ಅವಳ ಉಸಿರು.

ಕಚೇರಿಯ ಹಜಾರದಲ್ಲಿ ಫ್ಯಾನು ಇದ್ದ ಸೆಕೆಯನ್ನೇ ತಿರುಗಿಸಿ ಹಂಚುತ್ತಿತ್ತು. ಗೋಡೆಯ ಕೆಂಪು ಅಂಕಿ ಮೂವತ್ತೊಂಬತ್ತು ಎಂದಿತು, ಅವರದು ನಲವತ್ತೇಳು. ಮೈದುನ ಕಾಗದಗಳನ್ನು ಅವಳ ಮಡಿಲಲ್ಲಿಟ್ಟು ನೀರು ಕುಡಿಯಲು ಹೋದ.

ಹಾಳೆಗಳು ಅಂಚಿಗೆ ಅಂಚು ಕೂಡದೆ ಹೇಗೇಗೋ ಇದ್ದವು. ಅತ್ತಿಗೆಗೆ ಅದನ್ನು ನೋಡಿ ಕೈ ಸುಮ್ಮನಿರಲಿಲ್ಲ. ಮೊಣಕಾಲಿನ ಮೇಲೆ ತಟ್ಟಿ ಸಮ ಮಾಡಿದಳು. ಮೇಲಿನ ಹಾಳೆಯ ನಡುವೆ ಸಣ್ಣ ಚೌಕಗಳಲ್ಲಿ ಅಂಕಿಗಳಿದ್ದವು: ಮಾಲೀಕರು ಹುಟ್ಟಿದ ದಿನ, ತಿಂಗಳು, ಇಸವಿ. ಇಸವಿಯ ಕೊನೆಯಲ್ಲಿ ಅವಳ ಅರವತ್ತೆಂಟು ಇರಬೇಕಾಗಿತ್ತು. ಮೈದುನನ ಎಪ್ಪತ್ತೊಂಬತ್ತು ಇತ್ತು.

ಇನ್ನೊಮ್ಮೆ ನೋಡಿದಳು. ಏಳು. ಒಂಬತ್ತು.

ಮೈದುನ ಬಾಯಿ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತ. ಅವಳು ಹಾಳೆಗಳನ್ನು ಅವನ ಕೈಗೆ ಕೊಟ್ಟಳು. ಬರೆಯುವಾಗ ಕೈತಪ್ಪಿ ಬಂದಿರಬಹುದು ಎಂದು ಅವಳ ಮನಸ್ಸು ಅವನ ಪರವಾಗಿ ವಾದಿಸಿತು. ನಲವತ್ತು, ನಲವತ್ತೊಂದು. ನಾಮಸ್ಮರಣೆ ಮಾಡೋಣವೆಂದು ಕಣ್ಣು ಮುಚ್ಚಿದರೆ ಅಲ್ಲೂ ಆ ಎರಡು ಅಂಕಿ ಬಂದು ನಿಂತವು. ನಲವತ್ತೇಳು ಎಂದಾಗ ಗಡಿಯಾರ ಹನ್ನೆರಡೂವರೆ ದಾಟಿತ್ತು.

ಕೌಂಟರಿನ ಮುಂದೆ ಇದ್ದದ್ದು ಒಂದೇ ಕುರ್ಚಿ.

"ಮಾಲೀಕರು ಕೂತ್ಕೊಳ್ಳಿ" ಎಂದಳು ಕೌಂಟರಿನಾಕೆ, ತಲೆ ಎತ್ತದೆ.

ಮೈದುನ ಕೂತ. ಅಂದರೆ ಕೈತಪ್ಪಿದ್ದಲ್ಲ. ಅತ್ತಿಗೆ ಅವನ ಬೆನ್ನ ಹಿಂದೆ ನಿಂತಳು.

"ಕೆಲಸ ಏನು?"

"ಬುಕ್ ಬೈಂಡಿಂಗ್, ಮೇಡಂ."

"ಅಂಟು ಯಾವುದು? ಬೆಂಕಿ ಹತ್ಕೊಳ್ಳೋ ಥರದ್ದಾ?"

"ಅದು... ಮಾಮೂಲಿ ಅಂಟು."

"ದಿನಕ್ಕೆ ಎಷ್ಟು ಪುಸ್ತಕ?"

"ಐವತ್ತು ಅಂತ ಹಾಕಿ."

ಕೌಂಟರಿನಾಕೆ ಕನ್ನಡಕದ ಮೇಲಿಂದ ನೋಡಿದಳು. "ಮೆಷಿನ್ ಇಲ್ಲ ಅಂತ ಬರ್ದಿದ್ದೀರಿ. ಕೈಯಲ್ಲಿ ಐವತ್ತಾ? ಹೊಲೀತೀರೋ, ಎಸೀತೀರೋ?"

"ಎಂಟು" ಎಂದಳು ಅತ್ತಿಗೆ. "ಬಿಸಿಲಿದ್ರೆ ಒಂಬತ್ತು. ಅಂಟು ಗಂಜಿದು. ಬೆಂಕಿ ಹತ್ತಲ್ಲ, ಇಲಿ ಮುತ್ತುತ್ತೆ."

"ನೀವ್ಯಾರು?"

"ಹೊಲಿಯೋಳು. ಮೇಡಂ, ಆ ಕಾಗದ ಮುಂದಕ್ಕೆ ಕಳಿಸಬೇಡಿ. ಅದರಲ್ಲಿರೋ ಇಸವಿ ನಂದಲ್ಲ."

ಮೈದುನನ ಕತ್ತು ಗಕ್ಕನೆ ತಿರುಗಿತು. ಅವಳು ಹಾಳೆ ನೋಡಿ ತಿಳಿಯಬಲ್ಲಳು ಎಂದು ಅವನು ಎಣಿಸಿರಲಿಲ್ಲ. ಅಂಗಡಿಯಲ್ಲಿ ದಿನವೂ ಅವಳ ಎದುರೇ ಕೂತು ಉಣ್ಣುವವನಿಗೆ ಪುಟದ ಅಂಕಿಯ ನೆನಪೇ ಬಂದಿರಲಿಲ್ಲ.

ಕೌಂಟರಿನಾಕೆ ಪೆನ್ನು ಕೆಳಗಿಟ್ಟಳು. "ನೋಡಿ, ಇಲ್ಲಿ ಒಬ್ಬರ ಹೆಸರಿಗೆ ಮಾತ್ರ ಜಾಗ. ಒಂದು ಸಲ ಹೋದ್ರೆ ನಾನು ತಿದ್ದೋಕಾಗಲ್ಲ. ಒಂದು ಗಂಟೆಗೆ ಮುಚ್ತೀವಿ. ತೀರ್ಮಾನ ಮಾಡಿಲ್ಲ ಅಂದ್ರೆ ಅಂಗಡಿ ಇಬ್ಬರಿಗೂ ಇಲ್ಲ."

ಹಿಂದೆ ಯಾರೋ ಗೊಣಗಿದರು. "ಮನೆ ಜಗಳ ಮನೇಲಿ ಮುಗಿಸ್ಕೊಂಡು ಬರಬಾರದೇನ್ರೀ."

"ಜಗಳ ಅಲ್ಲಪ್ಪ, ಲೆಕ್ಕ ತಪ್ಪಿದೆ" ಎಂದಳು ಅತ್ತಿಗೆ, ತಿರುಗದೆ.

ಹನ್ನೆರಡು ನಲವತ್ತು. ಮೈದುನ ಕುರ್ಚಿಯಲ್ಲೇ ಕುಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದ, "ನಂಗೂ ನಲವತ್ತು ದಾಟಿತು ಅತ್ತಿಗೆ. ಅಣ್ಣನ ಅಂಗಡಿ, ಅತ್ತಿಗೆ ಅಂಗಡಿ... ನಂದು ಅಂತ ಒಂದು ಬೋರ್ಡು ಕಂಡಿಲ್ಲ ನಾನು."

"ಕೇಳಬಹುದಿತ್ತಲ್ಲೋ."

"ಕೇಳಿದ್ರೆ ಆಗಲ್ಲ ಅಂತಿದ್ರಿ."

"ಅಂತಿದ್ದೆ" ಎಂದಳು ಅವಳು. ಸುಳ್ಳು ಹೇಳಲು ಅದು ಜಾಗವಲ್ಲ ಎನಿಸಿತ್ತು. "ಅದನ್ನ ನೀನು ಕಿವಿಯಾರೆ ಕೇಳಿಸ್ಕೊಂಡು, ಎದುರಿಗೇ ಜಗಳ ಆಡಬೇಕಿತ್ತು. ನಿನ್ನ ಜೆರಾಕ್ಸ್ ಮೆಷಿನ್‌ಗೆ ಬೇರೆ ಅಂಗಡಿ ಹುಡುಕೋಣ, ನಾನೇ ಜೊತೆಗೆ ಬರ್ತೀನಿ. ಈ ಮೇಜು ಮಾತ್ರ ಕೊಡಲ್ಲ. ಈಗ ನಿನ್ನ ಕೈಲಿ ಬರಿಯೋಕಾದ್ರೆ ಬರಿ. ಆಗಲ್ಲ ಅಂದ್ರೆ ಹೇಳು, ಈ ಸಾಲಲ್ಲಿ ಯಾರಾದ್ರೂ ಬರ್ದು ಕೊಡ್ತಾರೆ."

ಗಡಿಯಾರದ ದೊಡ್ಡ ಮುಳ್ಳು ಒಂದು ಗೆರೆ ಸರಿಯಿತು. ಇನ್ನೊಂದು ಗೆರೆ ಸರಿಯಿತು. ಅತ್ತಿಗೆ ಮನಸ್ಸಿನಲ್ಲೇ ದೇವರನ್ನು ಹಿಡಿದುಕೊಂಡಳು. ಏನನ್ನೂ ಬೇಡಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

ಕುರ್ಚಿ ಕರ್ರೆಂದಿತು. ಅವನು ಎದ್ದಿದ್ದ.

"ಮೇಡಂ, ಒಂದು ಖಾಲಿ ಫಾರಂ ಕೊಡಿ."

ಅವಳು ಕೂತಳು. ಅವನು ಕೌಂಟರಿನ ಕಟ್ಟೆಯ ಮೇಲೆ ಬಗ್ಗಿ ಬರೆಯತೊಡಗಿದ. ಅಕ್ಷರಗಳು ಅವಳಿಗೆ ಕಂಡದ್ದು ಇರುವೆಯ ಸಾಲಿನಂತೆ. ಚೌಕಗಳ ಬಳಿ ಬಂದಾಗ ಅವಳು ಬೆರಳಿಟ್ಟಳು.

"ಆರು" ಎಂದಳು.

ಬರೆದ.

"ಎಂಟು."

ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಕೌಂಟರಿನಾಕೆ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿದಳು. ಕೊನೆಗೆ ಒಳಗೆಲ್ಲೋ ಯಂತ್ರ ಕಿರ್ರೆಂದು ಒಂದು ಹಾಳೆ ಉಗುಳಿತು. ಒಂದಕ್ಕೆ ಎರಡು ನಿಮಿಷವಿತ್ತು.

ಕೌಂಟರಿನಾಕೆ ಅಭ್ಯಾಸಬಲದಿಂದ ಅದನ್ನು ನಿಂತಿದ್ದ ಗಂಡಸಿನ ಕಡೆ ಚಾಚಿದಳು. ಮೈದುನ ತೆಗೆದುಕೊಂಡ. ಮಾಲೀಕರ ಹೆಸರಿನ ಸಾಲನ್ನು ಒಮ್ಮೆ ಓದಿದ, ತುಟಿ ಮಾತ್ರ ಅಲ್ಲಾಡಿತು. ಆಮೇಲೆ ಅಂಚು ಮುದುಡದಂತೆ ಎರಡೂ ಕೈಯಲ್ಲಿ ಹಿಡಿದು ಅದನ್ನು ಅವಳ ಕೈಗೆ ಕೊಟ್ಟ.