ಅಂಟಿಕೂತ ಚುಕ್ಕಿಗಳು

ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ದಾರ ಹೇಗೆ ಮಡಚಿಕೊಂಡು ಕೂತಿದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟುವುದು, ಒಂದೇ ಸಂಶೋಧನಾ ಸಂಸ್ಥೆಯಲ್ಲಿದ್ದ ಅಕ್ಕತಂಗಿಯರಲ್ಲಿ ತಂಗಿಯ ಕೆಲಸ. ದಾರದ ಯಾವ ಭಾಗ ಯಾವುದಕ್ಕೆ ತಾಗಿತ್ತು ಎಂಬ ಚೂರುಪಾರು ಮಾಹಿತಿ ಮಾತ್ರ ಪ್ರಯೋಗಾಲಯದಿಂದ ಬರುತ್ತಿತ್ತು. ಉಳಿದದ್ದೆಲ್ಲ ಅವಳ ತಲೆನೋವು.

ಈ ಸಲ ಅವಳಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿರಲಿಲ್ಲ. ಹೃದಯ ಬೆಳೆಯಲು ಬೇಕಾದ ಒಂದು ಜೀನ್ ಇತ್ತು. ಅದನ್ನು ಚಾಲೂ ಮಾಡುವ ಸ್ವಿಚ್ಚು ಎಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಅವಳು ಕಟ್ಟಿದ ಆಕಾರದಲ್ಲಿ, ದಾರದ ಉದ್ದಕ್ಕೂ ಹೋದರೆ ಎಲ್ಲೋ ದೂರದಲ್ಲಿದ್ದ ಒಂದು ತುಂಡು, ಸುತ್ತಿ ಬಳಸಿ ಬಂದು ಆ ಜೀನಿನ ಮಗ್ಗುಲಲ್ಲೇ ಕೂತಿತ್ತು. ಸ್ವಿಚ್ಚು ಅದೇ ಇರಬಹುದೇ?

"ಅದು ಮಾಹಿತಿಯಲ್ಲಿ ಸೇರ್ಕೊಂಡಿರೋ ಕಸ ಕಣಮ್ಮಾ, ತೆಗೆದುಹಾಕು," ಎಂದರು ವಿಭಾಗದ ಮುಖ್ಯಸ್ಥರು.

ತಂಗಿ ತೆಗೆಯಲಿಲ್ಲ. ದಾರವನ್ನು ಬೇರೆ ಬೇರೆ ರೀತಿಯಲ್ಲಿ ಚೆಲ್ಲಾಪಿಲ್ಲಿ ಮಾಡಿ, ಮತ್ತೆ ಮತ್ತೆ ಮೊದಲಿಂದ ಕಟ್ಟಿಸಿದಳು. ಪ್ರತಿ ಸಲವೂ ಹಠ ಹಿಡಿದವರಂತೆ ಅವೆರಡೂ ಒಟ್ಟಿಗೆ! ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಕೆಳಗಿನ ಸೂಕ್ಷ್ಮದರ್ಶಕದ ಕೋಣೆಗೆ ನುಗ್ಗಿದಳು. ಅಲ್ಲಿ ಕೆಲಸ ಮಾಡುವುದು ಅವಳ ಸ್ವಂತ ಅಕ್ಕ.

"ಅಕ್ಕಾ, ಈ ಎರಡು ಜಾಗಕ್ಕೆ ಬಣ್ಣ ಹಚ್ಚಿ ತೋರಿಸ್ತೀಯಾ?"

"ನಿನ್ನ ಕಂಪ್ಯೂಟರ್ ಕನಸು ಕಂಡ್ರೆ ನಾನು ಬಣ್ಣ ಹಚ್ಬೇಕಾ?" ಎಂದಳು ಅಕ್ಕ. ಆದರೂ ಜೀನಿಗೆ ಹಸಿರು, ಆ ತುಂಡಿಗೆ ಕೆಂಪು ಹಚ್ಚಿದಳು. ಹೋಲಿಸಿ ನೋಡಲು ದಾರದಲ್ಲಿ ಅಷ್ಟೇ ದೂರದ ಇನ್ನೊಂದು ಜೋಡಿಗೂ ಹಚ್ಚಿದಳು.

ಮುಂದಿನ ವಾರ ದೀಪ ಆರಿಸಿ ಇಬ್ಬರೂ ಪರದೆಯ ಮುಂದೆ ಕೂತರು. ಮೊದಲ ಜೀವಕೋಶದಲ್ಲಿ ಹಸಿರು ಚುಕ್ಕಿ ಈ ಮೂಲೆಯಲ್ಲಿ, ಕೆಂಪು ಆ ಮೂಲೆಯಲ್ಲಿ. ತಂಗಿ ಕುರ್ಚಿಗೆ ಒರಗಿದಳು.

"ಮುಖ ಯಾಕೆ ಸಣ್ಣ ಮಾಡ್ತೀಯೇ? ಎಲ್ಲಾ ಕೋಶನೂ ಒಂದೇ ಥರ ಇರುತ್ತಾ? ತಡಿ."

ಎರಡನೆಯದು. ಮೂರನೆಯದು. ಚಿತ್ರ ಸರಿಸುತ್ತಿದ್ದ ಅಕ್ಕನ ಬೆರಳು ಥಟ್ಟನೆ ನಿಂತಿತು. ಹಸಿರಿಗೆ ಕೆಂಪು ಒತ್ತಿಕೊಂಡು, ಎರಡೂ ಬೆರೆತ ನಡುವೆ ಹಳದಿ ಮಿನುಗುತ್ತಿತ್ತು. ಮುಂದಿನದರಲ್ಲೂ ಹಾಗೇ. ಅದರ ಮುಂದಿನದರಲ್ಲೂ!

"ಅಯ್ಯೋ ನಿನ್ನ!" ಎಂದು ಅಕ್ಕ ಕುರ್ಚಿಯಿಂದಲೇ ಎದ್ದುಬಿಟ್ಟಳು.

ಮುಖ್ಯಸ್ಥರು ಬಂದು ಕನ್ನಡಕ ಒರೆಸಿಕೊಂಡು ನೋಡಿದರು. "ಬೇರೆ ಜೋಡಿ?"

"ಅವು ಹತ್ತಿರ ಬರೋದೇ ಅಪರೂಪ ಸರ್," ಎಂದಳು ಅಕ್ಕ.

ಅವರು ಎರಡೂ ಜೋಡಿಯ ಚಿತ್ರಗಳನ್ನು ಪಕ್ಕಪಕ್ಕ ಇಡಿಸಿ ನೋಡಿ, "ಕಸ ಅಂದಿದ್ದು ನನ್ನ ತಪ್ಪು. ಆ ತುಂಡನ್ನ ಕತ್ತರಿಸಿ ತೆಗೆದ್ರೆ ಜೀನ್ ಮಲಗುತ್ತಾ ನೋಡೋಣ. ಇವತ್ತೇ ಶುರು ಮಾಡಿ," ಎಂದರು.

ಹೊರಗೆ ಬಂದವಳೇ ತಂಗಿ ಮನೆಗೆ ಫೋನ್ ಮಾಡಿದಳು. "ಅಮ್ಮಾ, ಸಿಕ್ತು! ಸಿಕ್ಕೇಬಿಡ್ತು!"

"ಏನು ಸಿಕ್ತೇ? ಕಳೆದಿದ್ದೇ ನಂಗೆ ಹೇಳಿಲ್ವಲ್ಲ ನೀನು!"

ಹೇಳಬೇಕೆಂದರೆ ತಂಗಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಫೋನ್ ಕಿತ್ತುಕೊಂಡು ತಾನೇ ಹೇಳತೊಡಗಿದಳು.